ಓಗೊಡದ ಮಂಗಳವಾರ

ಹೋದ ತಿಂಗಳು ಬಾಗಲಕೋಟೆಯ ನವನಗರದಲ್ಲಿ, ನಮ್ಮ ಮನೆಯಿಂದ ಮೂರನೆಯ ಮನೆಯ ಹುಡುಗಿಗೆ ಅಮ್ಮ ಬಂದಿತ್ತು. ಬಾಗಿಲಿಗೆ ಬೇವಿನ ಟೊಂಗೆ ಸಿಗಿಸಿದ್ದರು. ಅಮ್ಮ ಅಂದರೆ ಸಿಟ್ಟಾದ ದೇವಿಯಲ್ಲ, ವಾರದಲ್ಲಿ ಇಳಿಯುವ ಬೇನೆ ಎಂದು ತಾಯಿಗೆ ಧೈರ್ಯ ಹೇಳಲು ಹೊರಟವಳು ನಾನು. ಆಷಾಢದ ಗಾಳಿ ಬೀಸುತ್ತಿತ್ತು. ಟೊಂಗೆ ಕದಕ್ಕೆ ತಿಕ್ಕಿ ತಿಕ್ಕಿ ಎಲೆ ಜಜ್ಜಿಹೋಗಿ ಆ ಕಹಿ ವಾಸನೆ ಮೂಗಿಗೆ ಬಡಿಯಿತು. ಚಿಲಕಕ್ಕೆ ಕೈ ಹಾಕಿದ್ದೆ, ತೆಗೆಯಲು ಆಗಲಿಲ್ಲ. ಊರೂರು ಅಲೆದು ಸೂಜಿ ಚುಚ್ಚಿ ನಿವೃತ್ತಿಯ ಹತ್ತಿರ ಬಂದ ನರ್ಸಬಾಯಿ ನಾನು ಬಾಗಿಲಲ್ಲೇ ಬೆವೆತು ನಿಂತದ್ದು ಕಂಡು, ಧೈರ್ಯ ಹೇಳಿಸಿಕೊಳ್ಳಬೇಕಾದ ಆ ತಾಯಿಯೇ ನನಗೆ ನೀರು ತಂದುಕೊಟ್ಟಳು.

ಆ ವಾಸನೆ ನನಗೆ ಬೇರೊಂದು ಬಾಗಿಲಿನದು. ಐಹೊಳೆಯಿಂದ ಆಚೆ, ಮಲಪ್ರಭೆಯ ದಂಡೆಯ ಮೇಲೆ ಒಂದು ಊರು. ಹೆಸರು ಹೇಳುವುದಿಲ್ಲ, ಅಲ್ಲಿಯ ಜನ ನನ್ನನ್ನು ಚೆನ್ನಾಗಿ ನಡೆಸಿಕೊಂಡಿದ್ದಾರೆ. ಕೆಲವು ವರ್ಷಗಳ ಹಿಂದೆ ಅಲ್ಲಿಯ ಆರೋಗ್ಯ ಉಪಕೇಂದ್ರದಲ್ಲಿ ನಾನು ಒಬ್ಬಳೇ ನರ್ಸು. ಮೇಲಿನ ಓಣಿಯ ಬಾಲದಲ್ಲಿ ಕಟ್ಟಡ, ಅದರ ಬೆನ್ನಿಗೆ ದೇವರಿಲ್ಲದ ಹಳೆಯ ಕಲ್ಲುಗುಡಿ. ನಮ್ಮ ಕಡೆ ಇಂಥ ಗುಡಿಗಳಿಗೆ ಬರವಿಲ್ಲ. ಒಳಗೆ ಯಾರದೋ ಜೋಳದ ಕಣಕಿ, ಯಾರದೋ ಸೆಗಣಿಯ ಕುಳ್ಳು, ಕಂಬದ ಮೇಲೆ ಮೂಗು ಮುರಿದ ಹೆಣ್ಣುಗಳು. ನೀವು ದೇವರನ್ನು ನಂಬುತ್ತೀರೋ ಇಲ್ಲವೋ ಎಂದು ಯಾರಾದರೂ ಕೇಳಿದರೆ, ಲಸಿಕೆ ಹಾಕುವ ದಿನ ನಂಬುವುದಿಲ್ಲ, ಹೆರಿಗೆಯ ದಿನ ನಂಬುತ್ತೇನೆ ಎನ್ನುತ್ತಿದ್ದೆ. ನಕ್ಕು ಹೇಳುತ್ತಿದ್ದ ಮಾತು ಅದು.

ಮನೆಮನೆಯ ಸಮೀಕ್ಷೆಯ ದಫ್ತರಿನಲ್ಲಿ ಧರ್ಮ ಎಂದು ಒಂದು ಕಾಲಂ ಇತ್ತು. ನಾಲ್ಕೈದು ಪಿಂಜಾರ ಮನೆ ಬಿಟ್ಟರೆ ಮೇಲಿನಿಂದ ಕೆಳಗಿನವರೆಗೆ ಹಿಂದೂ, ಹಿಂದೂ ಎಂದು ಬರೆದು ಕೈ ಸೋತು, ಕೊನೆಗೆ ಅದರ ಕೆಳಗೆ ಚುಕ್ಕಿ ಇಡುತ್ತಿದ್ದೆ. ಆದರೆ ಆ ಚುಕ್ಕಿಗಳ ಹಿಂದಿನ ಮನೆಗಳು ಒಂದರಂತೆ ಒಂದು ಇರಲಿಲ್ಲ. ನೇಕಾರರ ಮನೆಯಲ್ಲಿ ಬಾದಾಮಿಯ ಬನಶಂಕರಿ ಇಲ್ಲದೆ ಮಗ್ಗ ಅಲ್ಲಾಡದು. ಮೇಲಿನ ಓಣಿಯ ಗುರುಸಿದ್ದಪ್ಪನವರು ಹಿಂದೂ ಅಲ್ಲ, ಲಿಂಗಾಯತ ಅಂತ ಬರೀರಿ ಎಂದು ನನ್ನ ಪೆನ್ನು ಹಿಡಿದು ನಿಲ್ಲಿಸಿದ್ದರು. ಕೆಳಗಿನ ದಲಿತ ಕೇರಿಯ ದುರುಗವ್ವನನ್ನು ಕೇಳಿದರೆ, ನಿಮಗೆ ಏನು ಬೇಕೋ ಬರಕೋರಿ, ನಮ್ಮದು ದ್ಯಾಮವ್ವ ಅಂದಳು. ಕೇರಿಯವರು ಹಣಮಪ್ಪನ ಗುಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ಕಾಯಿದೆ ಹತ್ತಬಹುದು ಅನ್ನುತ್ತಿತ್ತು, ಊರು ಸುಮ್ಮನೆ ನೋಡುತ್ತಿತ್ತು, ಅವರೂ ಹತ್ತುತ್ತಿರಲಿಲ್ಲ. ಒಂದೇ ಶಬ್ದದೊಳಗೆ ಇಷ್ಟೊಂದು ಜನ ಒಬ್ಬರಿಗೊಬ್ಬರು ಬೆನ್ನು ಮಾಡಿ ಕುಳಿತಿದ್ದರು.

ಆ ಗುರುಸಿದ್ದಪ್ಪನವರ ಮಗಳು ನೀಲಾ, ದುರುಗವ್ವನ ಮಗ ಪರಶುನನ್ನು ಮದುವೆಯಾಗಿದ್ದಳು. ಹುನಗುಂದದಲ್ಲಿ ರಿಜಿಸ್ಟ್ರಾರ್ ಮುಂದೆ, ಎರಡು ಹಾರ, ಇಬ್ಬರು ಸಾಕ್ಷಿ. ಗುರುಸಿದ್ದಪ್ಪನವರು ದಿನಾ ಮುಂಜಾನೆ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ, ಕಟ್ಟೆಗೆ ಬಂದು, ಶರಣರು ಜಾತಿ ಇಲ್ಲ ಎಂದರು ಎಂದು ಎಳೆಯರಿಗೆ ತಿಳಿಹೇಳುವ ಮನುಷ್ಯ. ಮದುವೆಯ ಸುದ್ದಿ ಬಂದ ದಿನದಿಂದ ಅವರು ಮಗಳ ಹೆಸರನ್ನು ಬಾಯಿಗೆ ತರಲಿಲ್ಲ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ಓಣಿ ಬೇಡವೆಂದಿತು, ಕೇರಿ ಹೆದರಿತು. ಹಾಗಾಗಿ ಗಂಡಹೆಂಡಿರು ನನ್ನ ಉಪಕೇಂದ್ರದ ಪಕ್ಕದ ಒಂಟಿಕೋಣೆಯ ಮನೆಯಲ್ಲಿ ಬಾಡಿಗೆಗಿದ್ದರು. ಅದು ಯಾವ ಲೆಕ್ಕಕ್ಕೂ ಸೇರದ ಮನೆ. ಪರಶು ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್ ಕೊಯ್ಯುವ ಕಾರ್ಖಾನೆಗೆ ಹೋಗಿ ವಾರಕ್ಕೊಮ್ಮೆ ಬರುತ್ತಿದ್ದ. ನೀಲಾ ಬಸುರಿ. ಆ ಆಷಾಢಕ್ಕೆ ತುಂಬುತಿಂಗಳು. ದಿನ ತುಂಬಲು ನನ್ನ ಲೆಕ್ಕದಲ್ಲಿ ಇನ್ನೂ ಹತ್ತು ದಿನವಿತ್ತು. ಸಂಜೆ ನನ್ನ ಕಟ್ಟೆಗೆ ಬಂದು ಕಾಲು ಚಾಚಿ ಕೂರುತ್ತಿದ್ದಳು. ತಂದೆ ದೂರದಲ್ಲಿ ಯಾರ ಜೊತೆಗೋ ಮಾತಾಡುವುದು ಕೇಳಿಸಿದರೆ ಅವಳ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ಸಲ ನೀಲಾ ಅಂತ ಕರದ್ರ ಸಾಕರಿ ಅಕ್ಕಾರ, ಮನಿಗೆ ಕರೀಲಿಕ್ಕೂ ಬ್ಯಾಡ ಎಂದು ಒಮ್ಮೆ ನನ್ನ ಹತ್ತಿರ ಅಂದಿದ್ದಳು.

ಆ ವರ್ಷ ಬಿತ್ತನೆಯಾಗಿ ಹೆಸರಿನ ಪೈರು ನಾಲ್ಕೆಲೆ ಬಿಟ್ಟ ಮೇಲೆ ಮಳೆ ಓಡಿಹೋಯಿತು. ಬರೀ ಗಾಳಿ. ಹಗಲೂ ರಾತ್ರಿ ಗುಡಿಯ ಕಂಬಗಳ ನಡುವೆ ಹೊಕ್ಕು ಯಾರೋ ಹಲ್ಲು ಕಚ್ಚಿ ನರಳಿದಂತೆ ಸಪ್ಪಳ. ಊರವರು ದ್ಯಾಮವ್ವನಿಗೆ ಐದು ವಾರ ಹಿಡಿದರು. ಅಂದರೆ ಐದು ಮಂಗಳವಾರ ರೊಟ್ಟಿ ಬಡಿಯುವಂತಿಲ್ಲ, ಕಸ ಗುಡಿಸುವಂತಿಲ್ಲ, ಎತ್ತು ಹೂಡುವಂತಿಲ್ಲ. ಐದನೆಯ ಮಂಗಳವಾರ ಹೊರಬೀಡು. ಹೊತ್ತು ಏರುವ ಮೊದಲು ಇಡೀ ಊರು ಮನೆ ಬಿಟ್ಟು ಅಡವಿಗೆ ಹೋಗಬೇಕು. ದನ, ಕರು, ಬುಟ್ಟಿಯಲ್ಲಿ ಕೋಳಿ, ಹಗ್ಗದಲ್ಲಿ ನಾಯಿ, ಪಿಂಜಾರರ ಮನೆಯವರು ಕೂಡ. ಕೊಡಗಳನ್ನು ಬರಿದು ಮಾಡಿ ಬೋರಲು ಹಾಕಬೇಕು. ದೀಪ ಉರಿಯಬಾರದೆಂದು ಲೈನ್‌ಮನ್ ಬಂದು ಊರಿನ ಕರೆಂಟೂ ತೆಗೆಯುತ್ತಿದ್ದ. ಆ ದಿನ ಊರಲ್ಲಿ ಅವ್ವ ಒಬ್ಬಳೇ ತಿರುಗುತ್ತಾಳೆ. ಇಳಿಹೊತ್ತಿನಲ್ಲಿ ಕೇರಿಯ ಹಿರಿಯ ಹೆಂಗಸು ಅಂಬಲಿ ಚೆಲ್ಲುತ್ತ ಎಲ್ಲರಿಗಿಂತ ಮೊದಲು ಊರೊಳಗೆ ಕಾಲಿಟ್ಟ ಮೇಲೆಯೇ ಉಳಿದವರು ಹೋಗಬೇಕು. ವರ್ಷಪೂರ್ತಿ ಹಣಮಪ್ಪನ ಮೆಟ್ಟಿಲ ಕೆಳಗೇ ನಿಲ್ಲುವವರು ಆ ಒಂದು ದಿನ ಊರಿನ ಬಾಗಿಲು ತೆರೆಯುತ್ತಿದ್ದರು.

ಇನ್ನೊಂದು ಕಟ್ಟಳೆ ಇತ್ತು. ಪ್ರತಿ ಓಣಿಯ ಹಿರಿಯ ಕಟ್ಟಕಡೆಗೆ ಹೊರಬೀಳಬೇಕು. ಒಂದೊಂದೇ ಮನೆಯ ಕದ ತೆಗೆದು ಒಳಗೆ ಇಣುಕಿ, ಯಾರೂ ಇಲ್ಲವೆಂದು ಕಂಡು, ಚಿಲಕ ಹಾಕಿ ಬೇವಿನ ಟೊಂಗೆ ಸಿಗಿಸಬೇಕು. ತುಟಿ ಬಿಚ್ಚಬಾರದು. ಯಾಕೆಂದರೆ ಆ ದಿನ ಊರೊಳಗೆ ಕೇಳುವ ದನಿ ಮನುಷ್ಯರದಲ್ಲ, ಹತ್ತಿರದವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓ ಅಂದವರು ಅದರ ಪಾಲು. ಮೇಲಿನ ಓಣಿಗೆ ಆ ಹಿರಿಯರು ಗುರುಸಿದ್ದಪ್ಪನವರು. ಶರಣರು ಇಂಥ ದೇವರನ್ನು ಒಪ್ಪಿಲ್ಲ ಎಂದು ಕಟ್ಟೆಯಲ್ಲಿ ವಾದ ಮಾಡುತ್ತಿದ್ದವರು, ಆ ಕೆಲಸ ಮಾತ್ರ ಒಂದು ಸಲವೂ ಬಿಟ್ಟಿರಲಿಲ್ಲ.

ನಾಲ್ಕನೆಯ ಮಂಗಳವಾರ, ರೊಟ್ಟಿಯ ಕೆಲಸವಿಲ್ಲದ ಹೆಂಗಸರು ನನ್ನ ಕಟ್ಟೆಯ ಮೇಲೆ ಸೇರಿದ್ದರು. ನೀಲಾ ಎದುರಿಗಿದ್ದಾಗಲೇ ಒಬ್ಬಳು ದ್ಯಾಮವ್ವನ ಕತೆ ತೆಗೆದಳು. ಮೇಲಿನ ಮನೆಯ ಹೆಣ್ಣಂತೆ, ಕೇರಿಯವನು ಕುಲ ಮುಚ್ಚಿಟ್ಟು ಮದುವೆಯಾದನಂತೆ, ಗೊತ್ತಾದಾಗ ಆಕೆ ಉರಿದೆದ್ದು ಗಂಡನನ್ನೇ ಸುಟ್ಟು ಊರಿಗೆ ದೇವಿಯಾದಳಂತೆ. ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಕತೆ. ಹೇಳಿದ್ದು ಮಾತ್ರ ಒಬ್ಬಳಿಗೆ. ಈ ಸಲ ಮಳಿ ಯಾಕ ಹೋತು ಅಂತ ಅವ್ವನ್ನ ಕೇಳಬೇಕು ಎಂದು ಇನ್ನೊಬ್ಬಳು ಸೇರಿಸಿದಳು. ನೀಲಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಅಂದಳು:

"ದ್ಯಾಮವ್ವಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು."

ಅವಳು ಎದ್ದು ಹೋದಳು. ಆ ರಾತ್ರಿ ಅವಳು ಅಂಜಿದ್ದಳು ಎಂದು ನನಗೆ ಗೊತ್ತು. ಹೊರಬೀಡಿನ ದಿನ ನನಗೆ ಹುನಗುಂದದಲ್ಲಿ ಮೀಟಿಂಗಿದೆ, ನಾನೇ ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ, ದೊಡ್ಡ ದವಾಖಾನೆಯಲ್ಲಿ ಒಮ್ಮೆ ತೋರಿಸಿಯೂ ಬರೋಣ ಎಂದು ಮಾತು ಕೊಟ್ಟೆ. ಕೇರಿಗೆ ಹೋಗಿ ದುರುಗವ್ವನಿಗೂ ಹೇಳಿಬಂದೆ.

ಈಗ ನನ್ನ ತಪ್ಪು ಹೇಳಬೇಕು. ಆ ಮಂಗಳವಾರ ಬೆಳಿಗ್ಗೆ ಮೀಟಿಂಗು ಬೇಗ ಇದೆ ಎಂದು ತಾಲೂಕಿನಿಂದ ಫೋನು ಬಂತು. ಯಾರೋ ಬೈಕಿನಲ್ಲಿ ಹೊರಟಿದ್ದರು, ತುಂಬುಬಸುರಿಯನ್ನು ಅದರ ಮೇಲೆ ಕೂರಿಸುವಂತಿರಲಿಲ್ಲ. ನೀಲಾಳ ಕದ ಚಿಲಕ ಹಾಕದೆ ಮುಂದೆ ಮಾಡಿತ್ತು. ಮಲಗಿದ್ದಾಳೆ, ಊರೆಲ್ಲ ಹೊರಡುವಾಗ ಯಾರಾದರೂ ಕರೆದುಕೊಂಡು ಹೋಗುತ್ತಾರೆ ಎಂದುಕೊಂಡೆ. ಎಬ್ಬಿಸಲಿಲ್ಲ, ಯಾರಿಗೂ ಹೇಳಲಿಲ್ಲ, ಬೈಕು ಹತ್ತಿ ಹೋದೆ.

ಮಧ್ಯಾಹ್ನದ ಬಸ್ಸು ನನ್ನನ್ನು ಊರ ಹೊರಗೆ ಇಳಿಸಿತು. ಮೇಲಿನ ಓಣಿಯವರು ಪಡುವಣ ದಿಕ್ಕಿನ ಬನ್ನಿಗಿಡಗಳ ಕೆಳಗೆ ಬೀಡುಬಿಟ್ಟಿದ್ದರು. ಕೇರಿಯವರು ಹೊಳೆಯ ದಂಡೆಯಲ್ಲಿ. ಊರು ಬಿಟ್ಟು ಬಂದರೂ ನಡುವೆ ಎರಡು ಹೊಲದ ಅಂತರ ಉಳಿಸಿಕೊಂಡಿದ್ದರು. ಬನ್ನಿಗಿಡದ ಹತ್ತಿರ ನೀಲಾ ಎಲ್ಲಿ ಎಂದು ಕೇಳಿದೆ. ಅವಳು ಈಗ ಕೇರಿಯವಳು, ಅಲ್ಲಿ ಕೇಳಿರಿ ಎಂದರು. ಹೊಳೆಗೆ ಹೋದೆ. ದುರುಗವ್ವ ನನ್ನ ಮುಖ ನೋಡಿ, ನನ್ನ ಹಿಂದೆ ನೋಡಿ, ಮತ್ತೆ ನನ್ನ ಮುಖ ನೋಡಿದಳು.

"ನಿಮ್ಮ ಕೂಡ ಹೋಗ್ಯಾಳಂತ ಕುಂತೇನಲ್ರಿ ಅಕ್ಕಾರ."

ನೀಲಾಳ ಫೋನು ಸ್ವಿಚ್ ಆಫ್. ಆಂಬುಲೆನ್ಸಿಗೆ ಫೋನು ಮಾಡಿ ಊರ ಬಾಗಿಲಿಗೆ ಓಡಿದೆ. ಅಲ್ಲಿ ದಾರಿಗೆ ಅಡ್ಡ ಬೇವಿನ ಸರ ಕಟ್ಟಿತ್ತು. ಕಾವಲಿಗೆ ನಿಂತಿದ್ದವರು ಗುರುಸಿದ್ದಪ್ಪನವರೇ. ನೀಲಾಳ ಬಾಗಿಲಿಗೆ ಟೊಂಗೆ ಹಾಕಿದಿರಾ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದರು. ಚಿಲಕ? ಅದಕ್ಕೂ ಹೌದು. ಒಳಗೆ ನೋಡಿದಿರಾ?

ಅವರು ಎತ್ತಲೋ ನೋಡಿದರು. "ಆ ಮನಿ ಕದಾ ನಾ ತಗ್ಯಾಂಗಿಲ್ರಿ" ಅಂದರು.

ನಾನು ಸರದ ಕೆಳಗೆ ನುಸುಳಿ ಒಳಗೆ ಹೋದೆ. ಹಿಂದಿನಿಂದ ಯಾರೋ ಕೂಗಿದರು. ಗುರುಸಿದ್ದಪ್ಪನವರು ಕೂಗಲಿಲ್ಲ, ತಡೆಯಲೂ ಇಲ್ಲ.

ಖಾಲಿ ಮನೆ ಎಲ್ಲರೂ ನೋಡಿರುತ್ತೀರಿ. ನಡುಹಗಲಿನಲ್ಲಿ ಖಾಲಿ ಊರು ನೋಡಬಾರದು. ಪ್ರತಿ ಕದಕ್ಕೂ ಹಸಿರು ಟೊಂಗೆ, ಪ್ರತಿ ಅಂಗಳದಲ್ಲೂ ಬೋರಲು ಬಿದ್ದ ಕೊಡಗಳು. ಒಂದು ಗುಬ್ಬಿಯ ಸಪ್ಪಳವೂ ಇಲ್ಲ. ಗಾಳಿಗೆ ಟೊಂಗೆಗಳು ಕದಗಳನ್ನು ಕೆರೆಯುತ್ತಿದ್ದವು, ಒಂದು ನಿಂತರೆ ಇನ್ನೊಂದು. ನನ್ನ ಚಪ್ಪಲಿಯ ಸದ್ದು ನನ್ನ ಹಿಂದೆ ಬಂದಂತೆ ಕೇಳಿ ಅವನ್ನು ಕೈಯಲ್ಲಿ ಹಿಡಿದುಕೊಂಡೆ. ಸರಕಾರದ ಉಪಕೇಂದ್ರದ ಕದಕ್ಕೂ ಟೊಂಗೆ ಸಿಗಿಸಿದ್ದರು. ಬೇರೆ ದಿನವಾದರೆ ನಗುತ್ತಿದ್ದೆ.

ನೀಲಾಳ ಬಾಗಿಲ ಮುಂದೆ ನಿಂತು ಕರೆದೆ. ಉತ್ತರವಿಲ್ಲ. ಕದ ಬಡಿದೆ. ಕಿಂಡಿಗೆ ಕಿವಿಯಿಟ್ಟೆ. ಉಸಿರೂ ಕೇಳಲಿಲ್ಲ. ನನಗೆ ಸಮಾಧಾನವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಒಳಗಿಲ್ಲ, ಗಂಡ ಬಂದು ಇಳಕಲ್ಲಿಗೆ ಕರೆದೊಯ್ದಿರಬೇಕು ಎಂದುಕೊಂಡು ತಿರುಗಿ ಆರೇಳು ಹೆಜ್ಜೆ ಇಟ್ಟೆ.

ಆಗ ಗುಡಿಯ ಕಡೆಯಿಂದ ನನ್ನನ್ನು ಯಾರೋ ಕರೆದರು. ನರ್ಸಬಾಯಿ ಅಂತಲ್ಲ, ಅಕ್ಕಾರ ಅಂತಲ್ಲ. ಸುಮೀ ಅಂತ. ಆ ಊರಲ್ಲಿ ನನ್ನ ಮನೆಯ ಹೆಸರು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಹಾಗೆ ಕರೆಯುತ್ತಿದ್ದವಳು ನನ್ನ ಅವ್ವ ಒಬ್ಬಳೇ. ಬಾಗಲಕೋಟೆಯ ನಮ್ಮ ಹಳೆಯ ಮನೆಗೆ ಅಣೆಕಟ್ಟಿನ ಹಿನ್ನೀರು ಬಂದ ವರ್ಷವೇ ಅವಳು ತೀರಿಕೊಂಡಿದ್ದಳು. ಬಿಸಿಲಿಗೆ ತಲೆ ತಿರುಗಿತ್ತು, ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ, ಗಾಳಿ ಬೇರೆ. ಇದನ್ನೆಲ್ಲ ನಾನು ನೂರು ಸಲ ನನಗೆ ಹೇಳಿಕೊಂಡಿದ್ದೇನೆ. ಓ ಅನ್ನಲಿಲ್ಲ. ಆದರೆ ತಲೆ ತಾನೇ ತಿರುಗಿತು, ಮನೆಯ ಹಿಂಬದಿಯ ಬಚ್ಚಲ ಮೋರಿ ಕಣ್ಣಿಗೆ ಬಿತ್ತು. ಹನಿ ನೀರೂ ಚೆಲ್ಲದ ಊರಿನಲ್ಲಿ ಆ ಒಂದು ಮೋರಿ ಒದ್ದೆಯಾಗಿತ್ತು. ನೀರಿನಲ್ಲಿ ಕೆಂಪಿನ ಎಳೆಯಿತ್ತು.

ಟೊಂಗೆ ಕಿತ್ತೆಸೆದು ಚಿಲಕ ತೆಗೆದೆ. ನೀಲಾ ಗೋಡೆಗೆ ಒರಗಿ ಕುಳಿತಿದ್ದಳು. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು, ಕಣ್ಣು ನನ್ನ ಕಾಲುಗಳ ಮೇಲಿತ್ತು. ಕಾಲು ನೆಲಕ್ಕೆ ಊರಿದೆಯೋ ಇಲ್ಲವೋ ಎಂದು ನೋಡುತ್ತಿದ್ದಳು. ನಾನು ಅವಳ ಕೈ ಹಿಡಿದು ಒತ್ತಿದ ಮೇಲೆ ಬಾಯಿಂದ ಬಟ್ಟೆ ತೆಗೆದಳು. ಹಿಂದಿನ ರಾತ್ರಿಯಿಂದ ನೋವಂತೆ. ಬೆಳಗಿನ ಜಾವ ಕಣ್ಣು ಹತ್ತಿ, ಎದ್ದಾಗ ಊರು ನಿಶ್ಶಬ್ದ. ಆಮೇಲೆ ಬಾಗಿಲಲ್ಲಿ ತಂದೆಯ ದನಿ ಕೇಳಿತಂತೆ. ನೀಲಾ, ನೀಲಾ, ನೀಲಾ ಎಂದು ಮೂರು ಸಲ. ಚಿಲಕ ಬಿದ್ದ ಸಪ್ಪಳ.

"ವರ್ಷದ ಮ್ಯಾಲೆ ಕರದ್ರು ಅಕ್ಕಾರ. ಇವತ್ತ ಕರದ್ರ ಅವರಲ್ಲ ಅಂತ ಬಾಯಿ ಮುಚಕೊಂಡ್ನಿ. ಅವರಽ ಏನು, ಹೇಳ್ರಿ."

ಕೇಳಬೇಕೆಂದು ಒಂದು ವರ್ಷ ಹಂಬಲಿಸಿದ ದನಿ ಅದು, ಬಂದದ್ದು ಓಗೊಡಬಾರದ ದಿನ. ನಿಮ್ಮಪ್ಪನೇ ಕರೆದದ್ದು, ಕಟ್ಟಳೆ ಮುರಿದು ಕರೆದಿದ್ದಾರೆ, ಹೊರಗೆ ಕಾಯುತ್ತಿದ್ದಾರೆ ಎಂದುಬಿಟ್ಟೆ. ಅವಳ ಮೈ ಸಡಿಲಾಯಿತು. ಆ ಸುಳ್ಳು, ಆಗ ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ, ಯಾವ ಇಂಜೆಕ್ಷನ್ನಿಗಿಂತ ಹೆಚ್ಚು ಕೆಲಸ ಮಾಡಿತು. ಉಪಕೇಂದ್ರದಿಂದ ಹೆರಿಗೆಯ ಸಾಮಾನು ತಂದೆ. ಅರ್ಧ ಗಂಟೆಯಲ್ಲಿ ಹೆಣ್ಣುಕೂಸು ಹೊರಬಂತು. ಕೊರಳಿಗೆ ಕರುಳಬಳ್ಳಿ ಸುತ್ತಿತ್ತು, ಮೈ ನೀಲಿಗಟ್ಟಿತ್ತು, ಅಳಲಿಲ್ಲ. ಬಳ್ಳಿ ಬಿಡಿಸಿ, ಬೆನ್ನು ತಿಕ್ಕಿ, ಮೂಗಿಗೆ ಮುಖವಾಡವಿಟ್ಟು ಚೀಲ ಒತ್ತಿ ಒತ್ತಿ ಉಸಿರು ಕೊಟ್ಟೆ. ಎಷ್ಟು ಹೊತ್ತೋ ತಿಳಿಯದು. ಟೊಂಗೆಗಳು ಕದ ಕೆರೆಯುವ ಸಪ್ಪಳ ನಿಂತುಹೋಗಿತ್ತು. ಆಮೇಲೆ ಕೂಸು ಅತ್ತಿತು. ಆ ಅಳು ಬನ್ನಿಗಿಡದವರೆಗೂ ಹೊಳೆಯವರೆಗೂ ಹೋಯಿತಂತೆ. ಖಾಲಿ ಊರಿನಿಂದ ಕೂಸಿನ ದನಿ ಬಂದದ್ದು ಕೇಳಿ ಎರಡೂ ಬೀಡುಗಳಲ್ಲಿ ಜನ ಎದ್ದು ನಿಂತು ಕೈಮುಗಿದರಂತೆ.

ಕೈಮುಗಿದವರೇ ಸ್ವಲ್ಪ ಹೊತ್ತಿಗೆ ಜಗಳ ತೆಗೆದರು. ಅವ್ವ ತಿರುಗುವ ದಿನ ಊರಲ್ಲಿ ಹೆರಿಗೆಯ ಮೈಲಿಗೆ ಆಯಿತು, ಐದು ವಾರವೂ ಹೊಳೆ ಪಾಲು, ಆ ಮನೆಯವರನ್ನು ಊರು ಬಿಡಿಸಬೇಕು ಎಂದು ಬನ್ನಿಗಿಡದ ಕಡೆಯ ಕೆಲವರು. ಅಂಬಲಿಯ ಗಡಿಗೆ ಹೊತ್ತು ಊರ ಬಾಗಿಲಿಗೆ ಬಂದಿದ್ದ ದುರುಗವ್ವ ಗಡಿಗೆ ಇಳಿಸಲೇ ಇಲ್ಲ.

"ಊರು ಖಾಲಿ ಅಂತ ಟೊಂಗಿ ಹಾಕಿದವರು ನೀವು. ಖಾಲಿ ಊರಾಗ ಹುಟ್ಟಿದ ಕೂಸು ಅವ್ವಂದು. ಬ್ಯಾಡ ಅನ್ನವ್ರು ಅವ್ವಗ ಹೇಳ್ರಿ, ನಾ ಒಳಗ ಹೊಂಟೆ."

ಅವಳು ಅಂಬಲಿ ಚೆಲ್ಲುತ್ತ ನಡೆದಳು. ಆ ದಿನ ಅವಳನ್ನು ದಾಟಿ ಹೋಗುವ ಹಕ್ಕು ಯಾರಿಗೂ ಇರಲಿಲ್ಲ. ಎಲ್ಲರೂ ಅವಳ ಹಿಂದೆ ನಡೆದರು. ಎರಡು ದಿನ ಬಿಟ್ಟು ಮಳೆ ಬಂತು. ಮೈಲಿಗೆ ಅಂದವರು ತಮ್ಮ ವ್ರತದಿಂದ ಬಂತೆಂದರು, ಕೇರಿಯವರು ಕೂಸಿನಿಂದ ಬಂತೆಂದರು.

ಆ ಸಂಜೆ ತಡವಾಗಿ ಬಂದ ಆಂಬುಲೆನ್ಸಿನಲ್ಲಿ ತಾಯಿಕೂಸನ್ನು ದುರುಗವ್ವನ ಜೊತೆ ಹುನಗುಂದಕ್ಕೆ ಕಳಿಸಿ ಬರುವಾಗ ಗುರುಸಿದ್ದಪ್ಪನವರು ಊರ ಬಾಗಿಲ ಕಲ್ಲಿನ ಮೇಲೆ ಒಬ್ಬರೇ ಕುಳಿತಿದ್ದರು. ನನ್ನ ಸಿಟ್ಟು ಇನ್ನೂ ಆರಿರಲಿಲ್ಲ. ಮೂರು ಸಲ ಕರೆಯುವ ಮನಸ್ಸಿದ್ದ ಮನುಷ್ಯನಿಗೆ ಒಂದು ಸಲ ಕದ ತೆಗೆದು ನೋಡಲು ಏನಾಗಿತ್ತು ಎಂದು ಕೇಳಿಯೇಬಿಟ್ಟೆ.

ಅವರು ಬೆಚ್ಚಿ ತಲೆ ಎತ್ತಿದರು. "ನಾ ಕರೀಲಿಲ್ರಿ" ಅಂದರು. ಆಮೇಲೆ ಕೊರಳ ಲಿಂಗವನ್ನು ಮುಟ್ಟಿಕೊಂಡು, "ಕರೀಬೇಕಂತ ನಿಂತಿದ್ದೆ. ಮೂರು ಸಲ ಬಾಯಿಗೆ ಬಂತು. ನಾಲಿಗಿ ಏಳಲಿಲ್ಲ. ಚಿಲಕಾ ಹಾಕಿ ಬಂದ್ನಿ."

ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಒಳಗಿನವಳು ಕೇಳಿದ್ದು ಏನನ್ನು? ಆಡದೆ ನುಂಗಿದ ಮಾತನ್ನೋ, ಬೇರೆ ಯಾವುದನ್ನೋ? ನಾನು ಅದನ್ನು ನೀಲಾಳಿಗೆ ಹೇಳಲಿಲ್ಲ. ಅವಳು ಆ ಮೂರು ಕರೆಯನ್ನು ಮಡಿಲಲ್ಲಿಟ್ಟುಕೊಂಡು ದವಾಖಾನೆಯಿಂದ ಮನೆಗೆ ಬಂದಿದ್ದಳು.

ಐದನೆಯ ದಿನ ಕೂಸಿನ ತೂಕ ನೋಡಲು ಹೋಗಿದ್ದೆ. ಮಟಮಟ ಮಧ್ಯಾಹ್ನ. ಕದ ಅರ್ಧ ತೆರೆದಿತ್ತು. ಹೊರಗೆ ಯಾರೋ ಬಂದು ನಿಂತ ನೆರಳು ಹೊಸ್ತಿಲ ಮೇಲೆ ಬಿತ್ತು. ಕೆಮ್ಮಿದರು. ಆಮೇಲೆ ಗುರುಸಿದ್ದಪ್ಪನವರ ದನಿ ಕೇಳಿತು.

"ನೀಲಾ."

ನೀಲಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಅವಳ ಮುಖದಲ್ಲಿ ನಾನು ಕಾದಿದ್ದ ಸಂತೋಷ ಇರಲಿಲ್ಲ, ರಕ್ತವೇ ಇರಲಿಲ್ಲ. ಎರಡನೆಯ ಸಲ ಕರೆದರು. ಅವಳು ನನ್ನ ಕಿವಿಯ ಹತ್ತಿರ ಬಾಗಿದಳು.

"ಅಕ್ಕಾರ, ಅವತ್ತ ಕರದದ್ದು ಈ ದನಿ ಅಲ್ರಿ."

ಹೊರಗೆ ಮೂರನೆಯ ಸಲ ಕರೆದಾಗ ಆ ದನಿ ನಡುವೆ ಒಡೆಯಿತು. ನೀಲಾ ಕೂಸನ್ನು ಎದೆಗವಚಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, "ಓ ಅಪ್ಪಾ" ಅಂದಳು.

ಆಮೇಲೆ ಹೊಸ್ತಿಲ ಆಚೆ ಅವರು ಚಪ್ಪಲಿ ಬಿಡುವ ಸಪ್ಪಳ ಕೇಳಿತು.